‘ನಾಗವಲ್ಲಿ’ ಅಂತ ಕರೆಯೋದು ಮೊದಲು ನಿಲ್ಲಲಿ

ಓದುಗರ ಪತ್ರ: ನಮ್ಮ ಅಣ್ಣನ ಮಗಳು ಮಂಗಳೂರಿನಲ್ಲಿ ಪಿಜಿಯಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಒಂದು ವರ್ಷದಿಂದ ಒಮ್ಮೊಮ್ಮೆ ಸಣ್ಣ ಮಗುವಿನ ಹಾಗೆ ಮಾತಾಡುತ್ತಾಳೆ. ಆಮೇಲೆ ಕೇಳಿದರೆ ಏನೂ ನೆನಪಿರುವುದಿಲ್ಲ. ಡಾಕ್ಟರು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಒಬ್ಬರಲ್ಲೇ ಬೇರೆ ಬೇರೆ ವ್ಯಕ್ತಿತ್ವ ಕಾಣಿಸಿಕೊಳ್ಳುವ ಕಾಯಿಲೆ) ಇರಬಹುದು’ ಅಂದಿದ್ದಾರೆ. ಅತ್ತಿಗೆಗೆ ಮಾತ್ರ, ಏನೋ ಮೈಮೇಲೆ ಬಂದಿದೆ ಅಂತಲೇ ನಂಬಿಕೆ. ಕ್ಲಾಸಿನಲ್ಲಿ ಅವಳಿಗೆ ‘ಆಪ್ತಮಿತ್ರ’ ಸಿನಿಮಾದ ‘ನಾಗವಲ್ಲಿ’ ಅಂತ ಹೆಸರಿಟ್ಟಿದ್ದಾರಂತೆ. ಇದು ನಿಜವಾದ ಕಾಯಿಲೆಯಾ? ಮನೆಯ ಸಣ್ಣ ಮಕ್ಕಳಿಗೆ ಅವಳಿಂದ ಅಪಾಯ ಇದೆಯಾ? ಮುಂದಿನ ತಿಂಗಳು ಕುಟುಂಬದ ಮನೆಯಲ್ಲಿ ದೈವದ ನೇಮ (ಭೂತಕೋಲ) ಇದೆ. ಅವಳನ್ನು ಕರೆಸಬಹುದಾ?
– ಹೆಸರು ಬೇಡ, ಉಡುಪಿ

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಅದೇ ಅನ್ನಿಸಿತು. ಈ ಕಾಯಿಲೆ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಬೇರೆಯವರಿಗೆ ಅಪಾಯಕಾರಿ ಆಗುವುದಿಲ್ಲ. ಅಪಾಯ ಇರುವುದು ಹೆಚ್ಚಾಗಿ ಅವರಿಗೇ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಹೇಳಿರುವಂತೆ, ಈ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದ್ದಾರೆ. ಹಾಗಾಗಿ ಮಕ್ಕಳನ್ನು ಅವಳಿಂದ ದೂರ ಇಡುವ ಯೋಚನೆ ಬಿಡಿ. ಅವಳು ಒಂಟಿಯಾಗದ ಹಾಗೆ ನೋಡಿಕೊಳ್ಳಿ.

ಇದು ನಿಜವಾದ ಕಾಯಿಲೆ. 1980ರಲ್ಲಿ ಅದೇ ಕೈಪಿಡಿ ಇದನ್ನು ‘ಮಲ್ಟಿಪಲ್ ಪರ್ಸನಾಲಿಟಿ’ ಅಂತ ಸೇರಿಸಿಕೊಂಡಿತು. 1994ರಲ್ಲಿ ಈಗಿನ ಹೆಸರು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಇದಕ್ಕೆ ಜಾಗ ಇದೆ. ಸ್ಕಿಜೋಫ್ರೇನಿಯಾ ಬೇರೆ, ಇದು ಬೇರೆ. ಎರಡನ್ನೂ ‘ಸ್ಪ್ಲಿಟ್ ಪರ್ಸನಾಲಿಟಿ’ ಅಂದುಬಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ಅಷ್ಟೆ.

ಒಂದು ಮೈಯಲ್ಲಿ ಹತ್ತು ಜನ ಇರುತ್ತಾರೆ ಅಂತ ಕಲ್ಪಿಸಿಕೊಳ್ಳಬೇಡಿ. ಎಳೆ ವಯಸ್ಸಿನಲ್ಲಿ ‘ನಾನು’ ಅನ್ನುವುದು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಆ ಹೊತ್ತಿನಲ್ಲಿ ಮತ್ತೆ ಮತ್ತೆ ಹಿಂಸೆ ನಡೆದರೆ, ಓಡಿಹೋಗಲು ಜಾಗವೂ ಇಲ್ಲದಿದ್ದರೆ, ಮಗು ಒಳಗೊಳಗೇ ತಪ್ಪಿಸಿಕೊಳ್ಳುತ್ತದೆ. ಆ ನೋವು, ಆ ನೆನಪು ಒಂದು ಕಡೆ ಉಳಿಯುತ್ತದೆ. ಶಾಲೆಗೆ ಹೋಗಿ ಮಗ್ಗಿ ಹೇಳುವ ಹುಡುಗಿ ಇನ್ನೊಂದು ಕಡೆ. ದೊಡ್ಡವಳಾದ ಮೇಲೂ ಈ ತುಂಡುಗಳು ಸೇರಿಕೊಳ್ಳುವುದಿಲ್ಲ. ಅನೇಕ ಮನೋವೈದ್ಯರು ಇದನ್ನು ಹೀಗೆ ವಿವರಿಸುತ್ತಾರೆ. ಇದನ್ನು ಒಪ್ಪದ ತಜ್ಞರೂ ಇದ್ದಾರೆ. ಸಿನಿಮಾ, ಪುಸ್ತಕ, ಚಿಕಿತ್ಸಕರ ಸೂಚನೆ ಇವೆಲ್ಲ ಸೇರಿ ಲಕ್ಷಣಗಳಿಗೆ ರೂಪ ಕೊಡುತ್ತವೆ ಅಂತ ಅವರ ವಾದ. ಆ ವಾದ ಇನ್ನೂ ಮುಗಿದಿಲ್ಲ. ಆದರೆ ಎದುರಿಗಿರುವ ಹುಡುಗಿಯ ಸಂಕಟ ನಿಜ ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ.

ದಿನನಿತ್ಯದಲ್ಲಿ ಇದು ಹೇಗಿರುತ್ತದೆ ಗೊತ್ತಾ? ತೀರಾ ಸಪ್ಪೆ. ಬೆಳಗ್ಗೆ ಕ್ಲಾಸಿನಲ್ಲಿ ಕೂತಿದ್ದು ನೆನಪಿದೆ, ಆಮೇಲೆ ನೋಡಿದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತಿದ್ದಾಳೆ. ಹೇಗೆ ಬಂದೆ ಅಂತ ಗೊತ್ತಿಲ್ಲ. ಮೊಬೈಲಿನಲ್ಲಿ ತಾನೇ ಕಳಿಸಿದ ಮೆಸೇಜ್ ಇದೆ, ಕಳಿಸಿದ್ದು ನೆನಪಿಲ್ಲ. ನೋಟ್ಸಿನ ನಡುವೆ ಎರಡು ಪುಟದ ಅಕ್ಷರ ಬೇರೆ ಥರ ಇದೆ. ಗೆಳತಿ ‘ನಿನ್ನೆ ಹಾಗಂದೆಯಲ್ಲ’ ಅಂದರೆ ‘ಹೌದಾ’ ಅಂತ ನಕ್ಕು ಮಾತು ಮರೆಸುತ್ತಾಳೆ. ಈ ಕಾಯಿಲೆ ಇರುವವರು ಜಾಸ್ತಿ ಮಾಡುವ ಕೆಲಸವೇ ಮುಚ್ಚಿಟ್ಟುಕೊಳ್ಳುವುದು. ಅದಕ್ಕೇ ಎಷ್ಟೋ ಜನರಿಗೆ ಸರಿಯಾದ ಡಯಾಗ್ನೋಸಿಸ್ ಆಗಲು ವರ್ಷಗಟ್ಟಲೆ ಹಿಡಿಯುತ್ತದೆ.

ಇನ್ನು ನಾಗವಲ್ಲಿ. 2004ರ ‘ಆಪ್ತಮಿತ್ರ’ ನನಗೂ ಇಷ್ಟದ ಸಿನಿಮಾ. 1993ರ ಮಲಯಾಳದ ‘ಮಣಿಚಿತ್ರತಾಳ್’ ಅದರ ಮೂಲ. ‘ಆಪ್ತಮಿತ್ರ’ದಲ್ಲಿ ತನ್ನನ್ನೇ ನಾಗವಲ್ಲಿ ಅಂದುಕೊಳ್ಳುವ ಗಂಗಾ ಆಗಿ ನಟಿಸಿದ ಸೌಂದರ್ಯ ಅವರ ಆ ಕಣ್ಣುಗಳನ್ನು ಮರೆಯುವುದುಂಟಾ? ಸಿನಿಮಾ ತೆರೆಗೆ ಬರುವ ಮೊದಲೇ ಅವರು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. ದೆವ್ವ ಅಂತ ನಂಬಿದ್ದ ಪ್ರೇಕ್ಷಕರಿಗೆ ‘ಇದು ಮನಸ್ಸಿನ ಕಾಯಿಲೆ’ ಅಂತ ಒಬ್ಬ ಮನೋವೈದ್ಯನ ಬಾಯಲ್ಲಿ ಹೇಳಿಸಿದ್ದು ಆ ಸಿನಿಮಾದ ದೊಡ್ಡ ಗುಣ. ನಮ್ಮ ಊರುಗಳಲ್ಲಿ ಎಷ್ಟೋ ಜನ ಈ ಥರದ ಕಾಯಿಲೆಯ ಹೆಸರು ಮೊದಲು ಕೇಳಿದ್ದೇ ಅಲ್ಲಿ. ಆದರೆ ನೆನಪಿನಲ್ಲಿ ಉಳಿದದ್ದು ಗೆಜ್ಜೆ, ಕೆದರಿದ ಕೂದಲು, ಕೊಲ್ಲಲು ಬರುವ ಹೆಂಗಸು. ಗಂಗಾಳ ಕಷ್ಟ ಯಾರಿಗೂ ನೆನಪಿಲ್ಲ. ಗೊಂಬೆಯನ್ನೇ ನಾಗವಲ್ಲಿ ಸೇಡು ತೀರಿಸಿಕೊಳ್ಳಬೇಕಾದ ರಾಜ ಅಂತ ನಂಬಿಸಿ ಒಂದೇ ರಾತ್ರಿಯಲ್ಲಿ ಗುಣಪಡಿಸುವುದು ಸಿನಿಮಾದಲ್ಲಿ ಮಾತ್ರ ಸಾಧ್ಯ. ಮರುವರ್ಷ ಬಂದ ತಮಿಳಿನ ‘ಅನ್ನಿಯನ್’, 2016ರ ಹಾಲಿವುಡ್‌ನ ‘ಸ್ಪ್ಲಿಟ್’ ಎರಡರಲ್ಲೂ ಕಾಯಿಲೆಯವನೇ ಕೊಲೆಗಾರ. ಸಸ್ಪೆನ್ಸ್ ಬೇಕಾದಾಗಲೆಲ್ಲ ಇದೇ ಕಾಯಿಲೆಯನ್ನು ಎಳೆದು ತರುವುದು ನನಗೆ ನಿಜಕ್ಕೂ ಬೇಸರದ ವಿಷಯ. ಅದರ ಬೆಲೆ ತೆರುತ್ತಿರುವುದು ನಿಮ್ಮ ಅಣ್ಣನ ಮಗಳಂಥವರು. ಕ್ಲಾಸ್ ಟೀಚರ್ ಹತ್ತಿರ ಮಾತಾಡಿ ಆ ಅಡ್ಡಹೆಸರನ್ನು ನಿಲ್ಲಿಸಿ. ಕಾಯಿಲೆಯ ಹೆಸರನ್ನು ಮಾತ್ರ ಅವಳ ಒಪ್ಪಿಗೆ ಇಲ್ಲದೆ ಅಲ್ಲಿ ಹೇಳಬೇಡಿ.

ಅತ್ತಿಗೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತುಳುನಾಡಿನಲ್ಲಿ ಹುಟ್ಟಿದವರಿಗೆ ‘ಮೈಮೇಲೆ ಬರುವುದು’ ಹೊಸದಲ್ಲವಲ್ಲ. ನೇಮದಲ್ಲಿ ಏನಾಗುತ್ತದೆ ನೋಡಿ. ದಿನ ಗೊತ್ತುಮಾಡಿರುತ್ತಾರೆ. ದೈವ ಕಟ್ಟುವವನಿಗೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಕೊಡುತ್ತಾರೆ, ಮುಖಕ್ಕೆ ಬಣ್ಣ ಹಚ್ಚುತ್ತಾರೆ, ದೈವದ ಕಥೆಯ ಹಾಡಾದ ಪಾಡ್ದನ ಹೇಳುತ್ತಾರೆ, ಕಾಲಿಗೆ ಗಗ್ಗರ (ದೈವದ ಗೆಜ್ಜೆ) ಕಟ್ಟಿದ ಮೇಲೆ ಆವೇಶ. ಊರೇ ಎದುರಿಗೆ ನಿಂತಿರುತ್ತದೆ. ಮುಗಿದ ಮೇಲೆ ಅದೇ ಮನುಷ್ಯ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ, ನಾಳೆ ಕೆಲಸಕ್ಕೆ ಹೋಗುತ್ತಾನೆ. ಇದನ್ನು ಕಾಯಿಲೆ ಅನ್ನುವಂತಿಲ್ಲ. ಹಾಗಂತ ವೈದ್ಯರ ಕೈಪಿಡಿಗಳೇ ಸ್ಪಷ್ಟವಾಗಿ ಬರೆದಿವೆ: ಒಂದು ಸಮುದಾಯ ಒಪ್ಪಿಕೊಂಡ ಧಾರ್ಮಿಕ ಆಚರಣೆಯಾಗಿ ನಡೆಯುವ ಆವೇಶ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಹುಡುಗಿಗೆ ಆಗುತ್ತಿರುವುದಕ್ಕೆ ದಿನವೂ ಇಲ್ಲ, ಕರೆದವರೂ ಇಲ್ಲ. ಅವಳು ಬೇಡ ಅಂದರೂ ಬರುತ್ತದೆ, ಪರೀಕ್ಷೆ ತಪ್ಪಿಸುತ್ತದೆ, ನೆನಪು ಕಿತ್ತುಕೊಂಡು ಹೋಗುತ್ತದೆ. ಅತ್ತಿಗೆ ದೈವಕ್ಕೆ ಹರಕೆ ಹೇಳಿಕೊಳ್ಳಲಿ, ತಪ್ಪಿಲ್ಲ. ಆದರೆ ಬಿಡಿಸುತ್ತೇನೆ ಅಂತ ಹೊಡೆಯುವವರು, ಮೆಣಸಿನ ಹೊಗೆ ಹಾಕುವವರು ಅವಳ ಹತ್ತಿರ ಸುಳಿಯಬಾರದು. ಹಿಂಸೆಯಿಂದಲೇ ಹುಟ್ಟಿರಬಹುದಾದ ಕಾಯಿಲೆಗೆ ಮತ್ತೆ ಹಿಂಸೆಯಾ?

ಚಿಕಿತ್ಸೆ ನಿಧಾನ. ಈ ಕಾಯಿಲೆಗೇ ಅಂತ ಮಾತ್ರೆ ಇಲ್ಲ. ಖಿನ್ನತೆಗೆ, ನಿದ್ದೆಗೆ ಕೊಡುತ್ತಾರೆ. ಮುಖ್ಯ ಕೆಲಸ ನಡೆಯುವುದು ಮಾತಿನಲ್ಲಿ. ಮೊದಲು ಅವಳಿಗೆ ‘ನಾನು ಸುರಕ್ಷಿತ’ ಅನ್ನಿಸಬೇಕು. ಹಳೆಯ ನೆನಪಿಗೆ ಕೈ ಹಾಕುವುದು ಆಮೇಲೆ, ಅದೂ ಪಳಗಿದ ಚಿಕಿತ್ಸಕರೇ. ‘ಚಿಕ್ಕವಳಿದ್ದಾಗ ಏನಾಯ್ತು, ಯಾರು ಮಾಡಿದ್ದು’ ಅಂತ ನೀವು ಕೆದಕಬೇಡಿ. ಎಲ್ಲರಿಗೂ ಹಾಗೇ ಆಗಿರುತ್ತದೆ ಅಂತಲೂ ಇಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ‘ಇರಬಹುದು’ ಅಂದಿದ್ದಾರೆ ಅಷ್ಟೇ ಅಲ್ವಾ, ಪೂರ್ತಿ ಪರೀಕ್ಷೆ ಆಗಲಿ. ನೆನಪು ತಪ್ಪಲು ಅಪಸ್ಮಾರದಂಥ ಬೇರೆ ಕಾರಣವೂ ಇರಬಹುದು. ಸಾಯುವ ಮಾತಾಡಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ.

ಅವಳು ಮಗುವಿನ ಹಾಗೆ ಮಾತಾಡಲು ಶುರು ಮಾಡಿದಾಗ ವಿಡಿಯೋ ಮಾಡಬೇಡಿ, ನಗಬೇಡಿ, ‘ನೀನು ಯಾರು’ ಅಂತ ಗದರಬೇಡಿ. ಸ್ವಲ್ಪ ದೂರದಲ್ಲಿ ಕೂತು, ಮೆತ್ತಗೆ, ‘ನಾನು ಅತ್ತೆ. ಇದು ಉಡುಪಿಯ ನಮ್ಮ ಮನೆ. ಇವತ್ತು ಭಾನುವಾರ. ಇಲ್ಲಿ ನಿನಗೆ ಯಾರೂ ಏನೂ ಮಾಡುವುದಿಲ್ಲ’ ಅನ್ನಿ. ಕೈಗೆ ತಣ್ಣೀರಿನ ಲೋಟ ಕೊಡಿ. ಎದುರಿಗೆ ಏನೇನು ಕಾಣುತ್ತದೆ ಅಂತ ಹೇಳಿಸಿ. ಕೇಳದೆ ಮುಟ್ಟಬೇಡಿ.

ನೇಮಕ್ಕೆ ಕರೆಸುವ ವಿಷಯ. ಅವಳನ್ನೇ ಕೇಳಿ. ನಿದ್ದೆ ಇಲ್ಲದ ರಾತ್ರಿ, ಚೆಂಡೆ, ದೊಂದಿ, ಜನ ಇದೆಲ್ಲ ಅವಳಿಗೆ ಕಷ್ಟ ಆಗಬಹುದು, ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿಕೊಳ್ಳಿ. ಬಂದರೆ ನಿಮ್ಮ ಪಕ್ಕದಲ್ಲೇ ಇರಲಿ, ಬೇಗ ಹೊರಡಲು ಒಂದು ಗಾಡಿ ತಯಾರಿರಲಿ. ಕುಟುಂಬದ ಮನೆಯ ನೇಮ ಅಂದರೆ ಎಲ್ಲ ನೆಂಟರೂ ಒಂದೇ ಅಂಗಳಕ್ಕೆ ಬರುವ ದಿನ. ಅಲ್ಲಿ ಅವಳಿಗೆ ನೋಡಲು ಇಷ್ಟ ಇಲ್ಲದ ಮುಖ ಒಂದಿರಬಹುದು. ಬರುವುದಿಲ್ಲ ಅಂದರೆ ಯಾಕೆ ಅಂತ ಕೇಳಬೇಡಿ, ಅತ್ತಿಗೆಯೂ ಕೇಳದ ಹಾಗೆ ನೋಡಿಕೊಳ್ಳಿ. ಆ ರಾತ್ರಿ ನಿಮ್ಮಲ್ಲಿ ಒಬ್ಬರು ಪಿಜಿಗೆ ಹೋಗಿ ಅವಳ ಜೊತೆ ಉಳಿಯಲು ಆದರೆ ಒಳ್ಳೆಯದು.