ಜಿಂಕೆ ಮಾಂಸ ಕೊಟ್ಟವರನ್ನು ಗುಂಡಿನ ವಿಷಯ ಕೇಳು

ತಮ್ಮಾ, ಕುಕನೂರಿನಿಂದ ಅಮೆರಿಕದ ನಾರ್ತ್ ಡಕೋಟಾಗೆ ಬಂದು ಮೊದಲ ಚಳಿಗಾಲ ಕಾಣುತ್ತಿರುವ ನೀನು ಬಾಡಿಗೆ, ಹಿಮ, ಕಾರಿನ ವಿಮೆ ಎಲ್ಲವನ್ನೂ ಕೇಳಿದ್ದೀಯೆ. ಅವಕ್ಕೆ ಇಲ್ಲಿ ಯಾರು ಬೇಕಾದರೂ ಉತ್ತರ ಹೇಳುತ್ತಾರೆ. ಕೊನೆಗೆ ಒಂದೇ ಸಾಲಿನಲ್ಲಿ ಕೇಳಿದ್ದಕ್ಕೆ ನಾನು ಮೊದಲು ಉತ್ತರಿಸುತ್ತೇನೆ. ಕಚೇರಿಯ ಗೆಳೆಯ ತಾನೇ ಬೇಟೆಯಾಡಿದ ಜಿಂಕೆಯ ಖೀಮಾ ಕೊಟ್ಟಿದ್ದಾನೆ, ಮನೆಯಲ್ಲಿ ನಿನ್ನ ಹೆಂಡತಿ, ನನಗೆ ತಂಗಿಯಂಥವಳು, ಬಸುರಿ, ತಿನ್ನಬಹುದೇ ಎಂದು ಕೇಳಿದ್ದೀಯೆ. ತಂಗಿಗೆ ಅದು ಬೇಡ. ನೀನು ತಿನ್ನುವುದಕ್ಕೂ ಮುಂಚೆ ಅವನನ್ನು ಕೇಳಬೇಕು: ಹೊಡೆದದ್ದು ಸೀಸದ ಗುಂಡಿನಿಂದಲೋ, ಪೂರ್ತಿ ತಾಮ್ರದ ಗುಂಡಿನಿಂದಲೋ?

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಯಲಬುರ್ಗಾ, ಕುಕನೂರಿನ ಹೊಲಗಳಲ್ಲಿ ಚಿಗರಿ ಹಿಂಡು ಬೆಳೆ ಮೇಯುವುದನ್ನು ಕಂಡವರು ನಾವು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವನ್ನು ಕೊಂದರೆ ಜೈಲು. ಮನೆಗೆ ಬರುತ್ತಿದ್ದುದು ಸಂತೆಯ ಕುರಿ, ಅದೂ ಕತ್ತಿಯಲ್ಲಿ ಕೊಯ್ದದ್ದು. ಮಾಂಸ ತಾಜಾ ಇದೆಯೇ, ವಾಸನೆ ಬಂದಿದೆಯೇ ಎಂದು ನೋಡಿದರೆ ಸಾಕಿತ್ತು. ಸೀಸ ವಿಷ, ಆದರೆ ಅದನ್ನು ಮೂಗು ಹಿಡಿಯಲಾರದು.

ರೈಫಲ್ಲಿನ ಸೀಸದ ಗುಂಡು ಪ್ರಾಣಿಯ ಮೈ ಹೊಕ್ಕ ಕೂಡಲೇ ಅರಳಿ ಚೂರುಚೂರಾಗುತ್ತದೆ. ಎಷ್ಟೋ ಚೂರುಗಳು ಕಣ್ಣಿಗೂ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. 2008ರಲ್ಲಿ ನಾನಿರುವ ಮಿನ್ನೆಸೋಟಾದ ಸರ್ಕಾರಿ ಇಲಾಖೆ ಕುರಿಗಳ ಕಳೇಬರಕ್ಕೆ ಗುಂಡು ಹಾರಿಸಿ ಎಕ್ಸ್‌ರೇ ತೆಗೆದು ನೋಡಿತು. ಗಾಯದಿಂದ ಸುಮಾರು ಒಂದೂವರೆ ಅಡಿ ದೂರದಲ್ಲೂ ಚೂರುಗಳು ಕಂಡವು. ನೀರು ಹಾಕಿ ತೊಳೆದರೆ ಸೀಸ ಹೋಗುವ ಬದಲು ಇನ್ನಷ್ಟು ಕಡೆ ಹರಡಿತ್ತು. ನಾಲ್ಕು ಸಲ ತೊಳೆದರೆ ಎಲ್ಲ ಶುದ್ಧ ಎಂಬ ನಮ್ಮ ಅಡುಗೆಮನೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಅದೇ ವರ್ಷ ನಿಮ್ಮ ನಾರ್ತ್ ಡಕೋಟಾದಲ್ಲಿ ಒಬ್ಬ ವೈದ್ಯರು ಬಡವರಿಗೆಂದು ದಾನ ಬಂದ ಜಿಂಕೆ ಖೀಮಾವನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಲೋಹದ ಚೂರುಗಳು ಕಂಡದ್ದರಿಂದ ಅದನ್ನು ಹಂಚುವುದು ನಿಂತಿತು. ಆಮೇಲೆ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆ ರಾಜ್ಯದ 738 ಜನರ ರಕ್ತ ಪರೀಕ್ಷಿಸಿತು. ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 0.3 ಮೈಕ್ರೋಗ್ರಾಂನಷ್ಟು ಹೆಚ್ಚಿತ್ತು. ನಿನ್ನಂಥ ಗಟ್ಟಿ ಆಳು ಗಾಬರಿಯಾಗುವಂಥ ಅಂಕಿ ಅದಲ್ಲ. ಆದರೆ ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವನ್ನು ಇದುವರೆಗೆ ಯಾರೂ ಕಂಡಿಲ್ಲ. ತಾಯಿಯ ರಕ್ತದ ಸೀಸ ಹೊಟ್ಟೆಯೊಳಗಿನ ಕೂಸಿಗೆ ದಾಟುತ್ತದೆ, ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ತಂಗಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತಿರುವುದು ಇದಕ್ಕೇ.

ಎಷ್ಟು ಕುದಿಸಿದರೂ ಸೀಸ ಸಾಯುವುದಿಲ್ಲ, ಅದು ಕ್ರಿಮಿಯಲ್ಲ. ಹುಳಿ ಬಿದ್ದರಂತೂ ಇನ್ನಷ್ಟು ಕರಗಿ ಮಾಂಸದಲ್ಲಿ ಬೆರೆಯುತ್ತದೆ. ನಾವು ಮಾಂಸಕ್ಕೆ ಮೊಸರು, ನಿಂಬೆ, ಹುಣಸೆ ಹಾಕದೆ ಬಿಡುವವರಲ್ಲ.

ಕೇಳಲು ಸಂಕೋಚ ಬೇಡ. ಇಲ್ಲಿನ ಬೇಟೆಗಾರರಿಗೆ ಈ ಚರ್ಚೆ ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ. ಹೆಂಡತಿ ಬಸುರಿ, ಅದಕ್ಕೆ ಕೇಳುತ್ತಿದ್ದೇನೆ ಎಂದರೆ ನಿನ್ನ ಗೆಳೆಯ ಬೇಸರಿಸುವುದಿಲ್ಲ. ತಾಮ್ರದ ಗುಂಡು ಎಂದರೆ ಇನ್ನೊಂದು ಮಾತು ಕೇಳು: ಮಾಂಸ ಕೊಚ್ಚಿದವರು ಯಾರು? ಅಂಗಡಿಯಲ್ಲಿ ಕೊಚ್ಚಿಸಿದ್ದರೆ ಬೇರೆಯವರ ಜಿಂಕೆಯ ಮಾಂಸವೂ ಅದೇ ಯಂತ್ರದಲ್ಲಿ ಹಾದಿರಬಹುದು, ಕೆಲವು ಕಡೆ ಹಲವರ ಮಾಂಸ ಬೆರೆಸಿಯೇ ಕೊಚ್ಚುತ್ತಾರೆ. ಅವನೇ ಮನೆಯಲ್ಲಿ ಕೊಚ್ಚಿದ್ದರೆ ಸೀಸದ ಭಯವಿಲ್ಲ. ಬಿಲ್ಲುಬಾಣದಿಂದ ಹೊಡೆದದ್ದಾದರೆ ಗುಂಡಿನ ಮಾತೇ ಬರುವುದಿಲ್ಲ. ಸೀಸದ ಗುಂಡು ಎಂದರೆ ಖೀಮಾ ನಿನಗೂ ಬೇಡ. ಮುಂದಿನ ಸಲ ಗಾಯದಿಂದ ದೂರವಿರುವ ಹಿಂದೊಡೆಯ ಇಡೀ ತುಂಡು ಕೊಡು ಎಂದು ಹೇಳು, ಅದನ್ನು ನೀನು ಅಪರೂಪಕ್ಕೆ ತಿನ್ನು.

ಬಾತುಕೋಳಿ ಕೊಟ್ಟರೆ ಅಷ್ಟು ಚಿಂತೆಯಿಲ್ಲ. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಲ್ಲೇ ದೇಶವಿಡೀ ನಿಷೇಧಿಸಿದ್ದಾರೆ.

ತಂಗಿ ಈಗಾಗಲೇ ತಿಂದಿದ್ದರೆ ಹೆದರಿಸಬೇಡ, ಬೈಯಲೂಬೇಡ. ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ವಿಷಯ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಲು ಕೇಳಿಕೊಳ್ಳಿ. ಅದು ಸಾಮಾನ್ಯ ರಕ್ತ ಪರೀಕ್ಷೆಯಷ್ಟೇ.