ಕೊಲೆಯೇ ಇಲ್ಲದ ಪತ್ತೇದಾರಿ ಕಥೆ: ಕಾರಟಗಿಯ ಓದುಗರಿಗೆ ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯ ಕಥೆ ನಿಮಗೆ ಸಿಟ್ಟು ತರಿಸಿದೆ. ಕಿನ್ನಾಳದ ಪಕ್ಕದ ಹಳ್ಳಿಯಲ್ಲಿ ಗೊಂಬೆ ಮಾಡುವ ಅಜ್ಜ ಕಾಣೆಯಾಗುತ್ತಾನೆ. ಬೀಟ್ ಪೊಲೀಸ್ ಎರಡು ದಿನ ಹುಡುಕುತ್ತಾನೆ. ಕೊನೆಗೆ ಅಜ್ಜ ಇಟಗಿಯ ಮಹಾದೇವ ಗುಡಿಯಲ್ಲಿ ಸಿಗುತ್ತಾನೆ. "ಕೊಲೆ ಇಲ್ಲ, ಕಳ್ಳ ಇಲ್ಲ, ಒಂದು ಒದ್ದೆ ಬಟ್ಟೆಗೆ ಅರ್ಧ ಪುಟ. ಇದೆಂಥ ಪತ್ತೇದಾರಿ ಕಥೆ?" ಅಂತ ಕೇಳಿದ್ದೀರಿ.

ಆ ಒದ್ದೆ ಬಟ್ಟೆಗಾಗಿಯೇ ನಾನು ಈ ಕಥೆ ಆರಿಸಿದ್ದು. ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಅದೇ ಅಂಟಿಗೆ ಮರದ ಹೊಟ್ಟು, ಸೆಣಬಿನ ಪುಡಿ ಹಾಕಿ ಕಲಸಿದರೆ ಗೊಂಬೆಯ ಮೈ ತಿದ್ದುವ ಮುದ್ದೆ, ಅದೇ ಕಿಟ್ಟ. ಸುಮ್ನೆ ಬಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಕಥೆಯಲ್ಲಿ ಮನೆಯವರು ಅಳುತ್ತಿದ್ದಾರೆ, ಊರವರು ಬಾವಿಗೆ ಇಣುಕಿ ಬಂದಿದ್ದಾರೆ. ಪೊಲೀಸ್ ಮಾತ್ರ ಕಿಟ್ಟದ ಬಟ್ಟಲ ಮುಂದೆ ಕೂತಿದ್ದಾನೆ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ. "ಇದನ್ನ ಮುಚ್ಚಿಟ್ಟು ಹೋದವ ತಿರುಗಿ ಬರೋ ಮನಸಿನಿಂದನ ಹೋಗ್ಯಾನ" ಅನ್ನುತ್ತಾನೆ. ಅಲ್ಲಿಂದ ಹುಡುಕಾಟ ಬಾವಿ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತದೆ. ಅಜ್ಜನಿಗೆ ಕಣ್ಣು ಮಂಜಾಗುತ್ತಿದೆ. 1112ರಲ್ಲಿ ಕಟ್ಟಿದ ಆ ಗುಡಿಯ ಕೆತ್ತನೆಯನ್ನು ಬೆರಳಿನಿಂದ ತಡವಿ ನೆನಪಿಟ್ಟುಕೊಳ್ಳಲು ಹೋಗಿದ್ದಾನೆ. ನನಗಂತೂ ಇದು ಕೊಲೆಗಿಂತ ದೊಡ್ಡ ಗುಟ್ಟು.

ಇಂಥ ಪೊಲೀಸ್ ಎಲ್ಲಿದ್ದಾನೆ ಅಂದಿರಿ. ನಾನು ನೋಡಿದ್ದೇನೆ. ಚಿಕ್ಕವನಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮ್ಮಜ್ಜಿ ತಪ್ಪಿಸಿಕೊಂಡಳು. ತೇರಿನ ದಿನ, ಕಾಲಿಡಲು ಜಾಗವಿಲ್ಲ. ಅಪ್ಪ ಸೀರೆ ಬಣ್ಣ ಹೇಳುತ್ತಿದ್ದರೆ ಒಬ್ಬ ಪೊಲೀಸ್ ತಡೆದು, "ಅಜ್ಜಿ ಮನ್ಯಾಗ ಸುಮ್ನ ಕೂಡ್ತಾಳೇನ್ರಿ?" ಅಂತ ಕೇಳಿದ. ಇಲ್ಲ, ಕೈಗೆ ಕೆಲಸ ಬೇಕು ಅಂದರು ಅಪ್ಪ. ಅವನು ನಮ್ಮನ್ನು ನೇರ ದಾಸೋಹದ ಕಡೆ ಕರೆದುಕೊಂಡು ಹೋದ. ಅಜ್ಜಿ ಹೆಂಗಸರ ಸಾಲಿನಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು.

ಒಂದು ಮಾತು ಮಾತ್ರ ನಿಮ್ಮದೇ ಸರಿ. ಠಾಣೆಯಲ್ಲಿ "24 ಗಂಟೆ ಬಿಟ್ಟು ಬನ್ನಿ" ಅನ್ನುವ ಸಾಲನ್ನು ನಾನು ತಿದ್ದಬೇಕಿತ್ತು. ಅಂಥ ಕಾನೂನು ಇಲ್ಲ. ಮನೆಯವರು ಕಾಣದಿದ್ದರೆ ಆ ಗಳಿಗೆಯಲ್ಲೇ ದೂರು ಕೊಡಬಹುದು, 112ಕ್ಕೆ ಫೋನ್ ಮಾಡಬಹುದು. ಮಕ್ಕಳು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಸಾಲು ಓದಿ ಯಾರಾದರೂ ಒಂದು ರಾತ್ರಿ ಕಾದು ಕೂತರೆ ಅನ್ನುವುದೇ ನನಗೆ ಹೆದರಿಕೆ. ತಪ್ಪು ನನ್ನದು, ಕ್ಷಮಿಸಿ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕುತ್ತೇವೆ.

ಕಥೆಯಲ್ಲಿ ಅಜ್ಜ ಅರ್ಧಕ್ಕೆ ಬಿಟ್ಟು ಹೋದ ಆನೆ ಗೊಂಬೆ ಏನಾಯಿತು ಅಂತ ಕೊನೆಯಲ್ಲಿ ಕೇಳಿದ್ದೀರಿ. ಕಥೆಗಾರರನ್ನು ನಾನೂ ಕೇಳಿದೆ. ಅಜ್ಜ ಬರುವವರೆಗೂ ಕಿಟ್ಟದ ಮೇಲಿನ ಆ ಬಟ್ಟೆಗೆ ಮೊಮ್ಮಗಳು ದಿನಾ ನೀರು ಚಿಮುಕಿಸುತ್ತಿದ್ದಳಂತೆ.