ಪಾರ್ಕ್ ರೆಸಾರ್ಟ್: ಒಂದು ರಾತ್ರಿಯೋ, ಎರಡೋ?

ಪ್ರಶ್ನೆ: ಅಕ್ಕ, ನಮಸ್ತೆ. ನಮ್ಮ ಮಕ್ಕಳಿಗೆ ಐದು ಮತ್ತು ಎರಡೂವರೆ ವರ್ಷ. ದಸರಾ ರಜೆಗೆ ಬಿಡದಿಯ ವಂಡರ್‌ಲಾಗೆ ಹೋಗಿ, ಪಾರ್ಕ್ ಪಕ್ಕದಲ್ಲೇ ಎರಡು ರಾತ್ರಿ ಉಳಿಯೋಣ ಅಂತಿದ್ದಾರೆ ಯಜಮಾನರು. ಕ್ಯಾಬಿನ್ ತರಹದ್ದು ಸಿಕ್ಕರೆ ಅದೇ ಬೇಕಂತೆ. ಅತ್ತೆಯೂ ಬರುತ್ತಾರೆ. ನನಗೆ ಮಾತ್ರ ಸುಮ್ನೆ ದುಡ್ಡು ದಂಡ ಅನ್ನಿಸುತ್ತಿದೆ. ಏನು ಮಾಡಲಿ?
— ಓದುಗಿ, ಹಾಸನ

ಉತ್ತರ: ಯಜಮಾನರ ಮಾತು ಅರ್ಧ ಸರಿ. ಅಲ್ಲೇ ಉಳಿಯಿರಿ, ಆದರೆ ಒಂದು ರಾತ್ರಿ ಸಾಕು.

ಬುಕ್ ಮಾಡುವ ಮುಂಚೆ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿಯಿರಿ. ಗೇಟಿನಲ್ಲಿ ಟಿಕೆಟ್ ನಿರ್ಧಾರ ಆಗುವುದು ಮಗುವಿನ ಎತ್ತರ ನೋಡಿ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ. ಆದರೆ ಎರಡೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಅಷ್ಟು ಬೆಳೆದಿರುತ್ತಾರೆ, ಹಾಗಾಗಿ ಚಿಕ್ಕದಕ್ಕೂ ಟಿಕೆಟ್ ಬೀಳುತ್ತದೆ ಅಂತಲೇ ಲೆಕ್ಕ ಹಾಕಿ. ಐದು ವರ್ಷದ ಮಗು ಸುಮಾರು 110 ಸೆಂ.ಮೀ. ಇರುತ್ತದೆ. ದೊಡ್ಡ ರೈಡ್‌ಗಳಿಗೆ ಅದೂ ಸಾಲುವುದಿಲ್ಲ. ಉಳಿದದ್ದು ಪುಟಾಣಿ ರೈಡ್‌ಗಳು, ಆಳವಿಲ್ಲದ ನೀರು. ಅಷ್ಟಕ್ಕೆ ಎರಡು ದಿನ ಯಾಕೆ?

ಹಾಗಾದರೆ ಉಳಿಯುವುದಾದರೂ ಯಾಕೆ ಅಂತೀರಾ, ಮಧ್ಯಾಹ್ನದ ನಿದ್ದೆಗೆ. ಪಾರ್ಕ್ ಬಾಗಿಲು ತೆರೆಯುವುದೇ ಹತ್ತೂವರೆ ಹನ್ನೊಂದರ ಹೊತ್ತಿಗೆ. ಒಂದು ಗಂಟೆ ನೀರಾಟ ಆಡಿ, ಊಟ ಮಾಡಿದರೆ ಚಿಕ್ಕದು ತೂಕಡಿಸುತ್ತದೆ, ದೊಡ್ಡದು ಸುಮ್ಮಸುಮ್ನೆ ಅಳುತ್ತದೆ. ಆಗ ಹತ್ತು ನಿಮಿಷದಲ್ಲಿ ಹಾಸಿಗೆ ಸಿಗಬೇಕು. ಅತ್ತೆಯೂ ಕಾಲು ಚಾಚಿಕೊಳ್ಳಬಹುದು. ಅದಕ್ಕೇ ಫೋನ್ ಮಾಡಿದಾಗ ತಿಂಡಿ ಫ್ರೀನಾ ಅಂತ ಕೇಳುವ ಮೊದಲು, ಮಧ್ಯದಲ್ಲಿ ರೂಮಿಗೆ ಹೋಗಿ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬರಬಹುದಾ, ರೂಮು ಎಷ್ಟು ಗಂಟೆಗೆ ಕೊಡುತ್ತೀರಿ ಅಂತ ಕೇಳಿ. ಇಲ್ಲ ಅಂದರೆ ಅಲ್ಲಿ ಉಳಿಯುವುದರಲ್ಲಿ ಅರ್ಥವೇ ಇಲ್ಲ.

ಇನ್ನು ಕ್ಯಾಬಿನ್. ಫೋಟೋದಲ್ಲಿ ಚೆಂದ ಕಾಣುತ್ತದೆ. ಆದರೆ ಮರದ ಗೋಡೆ ತೆಳು, ರಾತ್ರಿ ಮಗು ಅತ್ತರೆ ಪಕ್ಕದವರಿಗೂ ಜಾಗರಣೆ. ಒಳಗೆ ಅಟ್ಟದ ಹಾಗೆ ಮೇಲೊಂದು ಮಂಚ ಇದ್ದರೆ ಮಕ್ಕಳು ಮೊದಲು ಹತ್ತುವುದೇ ಅಲ್ಲಿಗೆ. ಆರು ವರ್ಷದೊಳಗಿನವರನ್ನು ಮೇಲೆ ಮಲಗಿಸಬಾರದು ಅಂತ ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ, ಎಷ್ಟೇ ಹಟ ಮಾಡಲಿ ಬಿಡಬೇಡಿ. ಅತ್ತೆಗೆ ಮೆಟ್ಟಿಲು ಕಷ್ಟ ಆದರೆ ನೆಲಮಟ್ಟದ್ದೇ ಬೇಕು ಅಂತ ಮೊದಲೇ ಹೇಳಿಡಿ. ಹೋದ ತಕ್ಷಣ ಬಚ್ಚಲಮನೆ ಬಾಗಿಲ ಚಿಲಕ ಎಲ್ಲಿದೆ ನೋಡಿ. ಮಕ್ಕಳ ಕೈಗೆ ಎಟುಕುವಂತಿದ್ದರೆ ಒಂದು ಟವೆಲ್ ಮಡಚಿ ಬಾಗಿಲ ಮೇಲಂಚಿಗೆ ಹಾಕಿಬಿಡಿ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಒಳಗಿಂದ ಚಿಲಕ ಬೀಳುವುದಿಲ್ಲ. ಕೆಟಲ್ ವೈರು ಮೇಜಿನಿಂದ ಕೆಳಗೆ ನೇತಾಡುತ್ತಿದ್ದರೆ ಅದನ್ನೂ ಎತ್ತಿಡಿ.

ನೀರಿಗೆ ಹತ್ತಿಬಟ್ಟೆ ಹಾಕಿಕೊಂಡು ಇಳಿಯಲು ಬಿಡುವುದಿಲ್ಲ, ನೈಲಾನ್ ಬೇಕು. ಅದನ್ನು ಹಾಸನದಲ್ಲೇ ಕೊಂಡುಕೊಳ್ಳಿ. ತೋಳಿಗೆ ಗಾಳಿ ತುಂಬಿ ಹಾಕುವ ಬಲೂನು ನಂಬಿ ಆಚೀಚೆ ಹೋಗಬೇಡಿ, ಕೈಗೆಟುಕುವಷ್ಟು ಹತ್ತಿರ ಒಬ್ಬರು ದೊಡ್ಡವರು ನೀರಲ್ಲೇ ಇರಬೇಕು. ಆ ಕೆಲಸ ಯಜಮಾನರಿಗೆ, ಮೊಬೈಲ್ ನಿಮ್ಮ ಕೈಗೆ. ಒದ್ದೆ ಬಟ್ಟೆಗೆ ಒಂದು ಹಗ್ಗ, ಎರಡು ಪ್ಲಾಸ್ಟಿಕ್ ಕವರ್ ಇರಲಿ.

ದಾರಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ಏಟಿಗೆ ಓಡಿಸಬೇಡಿ, ಯಡಿಯೂರಿನಲ್ಲಿ ಇಳಿಯಿರಿ. ಸಿದ್ಧಲಿಂಗೇಶ್ವರನ ದರ್ಶನ ಆದರೆ ಅತ್ತೆಗೂ ಖುಷಿ, ಮಕ್ಕಳೂ ಓಡಾಡುತ್ತಾರೆ. ನೆಲಮಂಗಲ ದಾಟಿ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಮೈಸೂರು ರಸ್ತೆಗೆ ಬಂದ ಮೇಲೆ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಸರ್ವೀಸ್ ರಸ್ತೆಯಲ್ಲೇ ಹೋಗಿ. ಹತ್ತಿದರೆ ಬೈಪಾಸ್ ನಿಮ್ಮನ್ನು ಬಿಡದಿಯ ಆಚೆ ತಂದು ಬಿಡುತ್ತದೆ. ಆಯುಧಪೂಜೆ, ವಿಜಯದಶಮಿ ಬಿಟ್ಟು ರಜೆಯಲ್ಲೇ ಒಂದು ಮಂಗಳವಾರ ಬುಧವಾರ ನೋಡಿಕೊಳ್ಳಿ. ಉಳಿದ ಇನ್ನೊಂದು ರಾತ್ರಿಯ ದುಡ್ಡಿನಲ್ಲಿ ಬರುವಾಗ ಬಿಡದಿ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿನ್ನಿ!

ಪ್ರಶ್ನೆ: ನಾವೂ ಇಂಥದೇ ಜಾಗಕ್ಕೆ ಹೊರಟಿದ್ದೇವೆ. ಮಗುವಿಗೆ ಹತ್ತು ತಿಂಗಳು. ಪಾರ್ಕಿನ ನೀರಿಗೆ ಇಳಿಸಬಹುದಾ?
— ಓದುಗರು, ಕಡೂರು

ಉತ್ತರ: ಇಳಿಸಲೇಬೇಕು ಅಂತೇನಿಲ್ಲ. ಅಷ್ಟು ಚಿಕ್ಕ ಮೈಗೆ ಬೇಗ ಚಳಿ ಹತ್ತುತ್ತದೆ, ಕುಡಿಯಬೇಡ ಅಂದರೆ ಕೇಳುವ ವಯಸ್ಸೂ ಅಲ್ಲ. ಮಾಮೂಲಿ ಡೈಪರ್ ನೀರು ಹೀರಿ ಉಬ್ಬಿ ಜೋತು ಬೀಳುತ್ತದೆ, ನೀರಿಗೆ ಅಂತಲೇ ಬೇರೆ ಡೈಪರ್ ಸಿಗುತ್ತದೆ. ನಾನಾದರೆ ರೂಮಿನಲ್ಲೇ ಟಬ್ಬಿಗೆ ಉಗುರುಬೆಚ್ಚಗಿನ ನೀರು ಸ್ವಲ್ಪ ಬಿಟ್ಟು ಕೂರಿಸುತ್ತೇನೆ, ಪಕ್ಕದಿಂದ ಏಳುವುದಿಲ್ಲ. ರಾಗಿ ಸರಿ ಹಿಟ್ಟು, ಫ್ಲಾಸ್ಕ್ ಮನೆಯಿಂದಲೇ ಒಯ್ಯಿರಿ. ಹೊರಗಿನ ತಿಂಡಿ ಒಳಗೆ ಬಿಡದ ಜಾಗದಲ್ಲೂ ಮಗುವಿನ ಊಟಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಆದರೂ ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿಬಿಡಿ.